ಜಿಪಿಎ ಕುಸಿದವರಿಗೆ ಮೆಡಿಕಲ್ ಸೀಟು: ಅಮೆರಿಕದ ಲೆಕ್ಕ ಹೇಗಿದೆ?

ಅಮೆರಿಕದಲ್ಲಿರುವ ಕನ್ನಡ ಮನೆಗಳಲ್ಲಿ ಡಾಕ್ಟರ್ ಆಗಬೇಕು ಅಂತಲೇ ಕಾಲೇಜು ಸೇರುವ ಮಕ್ಕಳು ಕಡಿಮೆಯೇನಿಲ್ಲ. ಅವರಲ್ಲಿ ಎಷ್ಟೋ ಮಂದಿ ಎರಡನೇ ವರ್ಷದ ಆರ್ಗ್ಯಾನಿಕ್ ಕೆಮಿಸ್ಟ್ರಿ ಹೊತ್ತಿಗೆ ತಡವರಿಸುತ್ತಾರೆ. ಹೈಸ್ಕೂಲಿನಲ್ಲಿ ಎಲ್ಲದರಲ್ಲೂ ‘ಎ’ ತೆಗೆದ ಹುಡುಗಿಗೆ ಮೊದಲ ಸಲ ‘ಸಿ’ ಬರುತ್ತದೆ. ಮನೆಯಲ್ಲಿ ಹೇಳುವುದಿಲ್ಲ. ಮುಂದಿನ ಸೆಮಿಸ್ಟರಿನಲ್ಲಿ ಸರಿ ಮಾಡಿಕೊಳ್ಳೋಣ ಅಂತ ಇನ್ನೂ ಎರಡು ಕಷ್ಟದ ವಿಷಯ ಹಿಡಿಯುತ್ತಾಳೆ. ಪದವಿ ಮುಗಿಯುವಷ್ಟರಲ್ಲಿ ಜಿಪಿಎ, ಅಂದರೆ 4.0ಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ, 2.9ಕ್ಕೆ ಬಂದು ನಿಂತಿರುತ್ತದೆ. ಆಗ ಮನೆಯಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು, ‘ಇನ್ನು ಡಾಕ್ಟರ್ ಆಸೆ ಬಿಟ್ಟುಬಿಡು’. ಇನ್ನೊಂದು, ಅಲ್ಲಿನ ಮೆಡಿಕಲ್ ಪ್ರವೇಶ ಪರೀಕ್ಷೆಯ ಬಗ್ಗೆ: ‘ಎಂಕ್ಯಾಟ್ ಚೆನ್ನಾಗಿ ಬರೆ, ಎಲ್ಲ ಸರಿಹೋಗುತ್ತೆ’. ಎರಡೂ ಸರಿಯಲ್ಲ.

ಎರಡನೇ ಮಾತು ಎಲ್ಲಿಂದ ಬಂತು ಅಂತ ಊಹಿಸುವುದು ಕಷ್ಟವಿಲ್ಲ. ಕರ್ನಾಟಕದಲ್ಲಿ ಓದಿ ಬಂದ ಅಪ್ಪ ಅಮ್ಮಂದಿರಿಗೆ ಮೆಡಿಕಲ್ ಸೀಟು ಅಂದರೆ ಒಂದು ಪ್ರವೇಶ ಪರೀಕ್ಷೆ. ಆಗ ಸಿಇಟಿ, ಈಗ ನೀಟ್. ನೀಟ್ ಬರೆಯುವ ಸಾಮಾನ್ಯ ವರ್ಗದ ವಿದ್ಯಾರ್ಥಿಗೆ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿಯಲ್ಲಿ ಒಟ್ಟು ನೂರಕ್ಕೆ 50 ಇದ್ದರೆ ಸಾಕು. ಆ ಗೆರೆ ದಾಟಿದ ಮೇಲೆ 55 ಬಂದವರೂ 98 ಬಂದವರೂ ಒಂದೇ. ರ್‍ಯಾಂಕ್ ತೀರ್ಮಾನ ಆಗುವುದು 720 ಅಂಕಗಳ ಆ ಒಂದು ಪರೀಕ್ಷೆಯಲ್ಲಿ. ಹಿಂದಿನದ್ದನ್ನು ಯಾರೂ ಕೆದಕುವುದಿಲ್ಲ.

ಅಮೆರಿಕದಲ್ಲಿ ಹಾಗಿಲ್ಲ. ಅಲ್ಲಿ ಮೊದಲು ನಾಲ್ಕು ವರ್ಷದ ಪದವಿ, ಆಮೇಲೆ ನಾಲ್ಕು ವರ್ಷದ ಮೆಡಿಕಲ್ ಕಾಲೇಜು. ಎಂ.ಡಿ. (ಅಲ್ಲಿ ಡಾಕ್ಟರ್ ಆಗುವ ಮೊದಲ ಮೆಡಿಕಲ್ ಪದವಿಯೇ ಇದು) ಕಾಲೇಜುಗಳಿಗೆ ಬಹುತೇಕ ಎಲ್ಲರೂ ಅರ್ಜಿ ಹಾಕುವುದು ಆಮ್‌ಕ್ಯಾಸ್ ಎಂಬ ಒಂದೇ ವ್ಯವಸ್ಥೆಯ ಮೂಲಕ. ಹೈಸ್ಕೂಲು ಮುಗಿದ ಮೇಲೆ ಯಾವ ಕಾಲೇಜಿನಲ್ಲಿ ಯಾವ ಕೋರ್ಸ್ ತೆಗೆದುಕೊಂಡಿದ್ದರೂ ಅದೆಲ್ಲ ಅಲ್ಲಿ ದಾಖಲಾಗಬೇಕು. ಬೇಸಿಗೆ ರಜೆಯಲ್ಲಿ ಕಮ್ಯೂನಿಟಿ ಕಾಲೇಜಿನಲ್ಲಿ ಓದಿದ್ದೂ ಸೇರುತ್ತದೆ, ಅರ್ಧಕ್ಕೆ ಬಿಟ್ಟಿದ್ದೂ ಸೇರುತ್ತದೆ. ಪ್ರತಿ ವರ್ಷ ಸುಮಾರು 52 ಸಾವಿರ ಮಂದಿ ಅರ್ಜಿ ಹಾಕುತ್ತಾರೆ, ಸುಮಾರು 23 ಸಾವಿರ ಮಂದಿ ಸೇರುತ್ತಾರೆ. ಸೇರಿದವರ ಸರಾಸರಿ ಜಿಪಿಎ 3.8ರ ಹತ್ತಿರ. ಎಂಕ್ಯಾಟ್ ಸರಾಸರಿ 512ರ ಹತ್ತಿರ.

ಈ ಸರಾಸರಿ ನೋಡಿದರೆ 2.9 ಇರುವವರಿಗೆ ಎದೆ ಒಡೆಯುತ್ತದೆ. ಆದರೆ ಕಾಲೇಜಿನ ಆಯ್ಕೆ ಸಮಿತಿಯ ಕೈಗೆ ಸಿಗುವುದು ಬರೀ ಒಂದು ಅಂಕಿ ಅಲ್ಲ. ಆಮ್‌ಕ್ಯಾಸ್ ಜಿಪಿಎಯನ್ನು ಬಿಡಿಸಿ ತೋರಿಸುತ್ತದೆ. ಮೊದಲ ವರ್ಷದ್ದು ಬೇರೆ, ಎರಡನೆಯದು ಬೇರೆ, ಮೂರು ಮತ್ತು ನಾಲ್ಕನೆಯದು ಬೇರೆ. ಪದವಿ ಮುಗಿದ ಮೇಲೆ ತೆಗೆದುಕೊಂಡ ಪದವಿ ಮಟ್ಟದ ಕೋರ್ಸುಗಳಿಗೆ ಒಂದು ಸಾಲು, ಮಾಸ್ಟರ್ಸ್‌ಗೆ ಇನ್ನೊಂದು ಸಾಲು. ಇದರ ಜೊತೆಗೆ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತ ಈ ನಾಲ್ಕನ್ನು ಸೇರಿಸಿ ವಿಜ್ಞಾನದ ಜಿಪಿಎ ಅಂತ ಪ್ರತ್ಯೇಕ ಲೆಕ್ಕ.

ಇದರಿಂದ ಏನಾಗುತ್ತದೆ ನೋಡಿ. ಇಬ್ಬರು ವಿದ್ಯಾರ್ಥಿಗಳು ಅಂದುಕೊಳ್ಳೋಣ. ಒಬ್ಬಳದ್ದು ವರ್ಷದಿಂದ ವರ್ಷಕ್ಕೆ 2.3, 2.7, 3.2, 3.4. ಇನ್ನೊಬ್ಬನದ್ದು 3.4, 3.2, 2.7, 2.3. ವರ್ಷಕ್ಕೆ 30 ಕ್ರೆಡಿಟ್ (ಕೋರ್ಸಿನ ತೂಕದ ಅಳತೆ) ಅಂತ ಹಿಡಿದರೆ ಇಬ್ಬರದ್ದೂ ಒಟ್ಟು 2.9. ಆದರೆ ಸಮಿತಿಯಲ್ಲಿ ಕೂತವರಿಗೆ ಇವರಿಬ್ಬರು ಒಂದೇ ಅಲ್ಲ. ಮೊದಲನೆಯವಳು ಕಷ್ಟದ ವಿಷಯಗಳು ಜಾಸ್ತಿಯಾದ ಹಾಗೆ ಮೇಲಕ್ಕೆ ಬಂದಿದ್ದಾಳೆ. ಎರಡನೆಯವನು ವಿಷಯ ಕಷ್ಟವಾಗುತ್ತ ಹೋದ ಹಾಗೆ ಕೆಳಗೆ ಇಳಿದಿದ್ದಾನೆ. ಮೆಡಿಕಲ್ ಕಾಲೇಜಿನ ಮೊದಲ ಎರಡು ವರ್ಷದ ಓದು ಪದವಿಯ ಓದಿಗಿಂತ ಎಷ್ಟೋ ಪಟ್ಟು ಭಾರ. ಈ ವಿದ್ಯಾರ್ಥಿ ಆ ಭಾರ ಹೊರುತ್ತಾಳಾ, ಮುಂದೆ ಲೈಸೆನ್ಸ್ ಪರೀಕ್ಷೆಯ ಮೊದಲ ಹಂತ ಪಾಸಾಗುತ್ತಾಳಾ ಅನ್ನುವುದೇ ಅವರ ಚಿಂತೆ. ಇದಕ್ಕೆ ಉತ್ತರವನ್ನು ಅವರು ಹುಡುಕುವುದು ಇತ್ತೀಚಿನ ಎರಡು ವರ್ಷದ ಅಂಕಪಟ್ಟಿಯಲ್ಲಿ.

ಇದರರ್ಥ ಮೊದಲನೆಯವಳು ಈಗಲೇ ಅರ್ಜಿ ಹಾಕಬಹುದು ಅಂತಲ್ಲ. ಏರುಮುಖ ಇದ್ದರೂ 3.4ಕ್ಕೆ ನಿಂತರೆ ಸಾಲದು. ಅವಳು ಇನ್ನೊಂದಿಷ್ಟು ದೂರ ನಡೆಯಬೇಕು, ಆ ದೂರದಲ್ಲಿ ‘ಎ’ಗಳೇ ಇರಬೇಕು. ಲೆಕ್ಕ ಹಾಕಿ ನೋಡೋಣ. 120 ಕ್ರೆಡಿಟ್‌ಗೆ 2.9 ಅಂದರೆ, ಎರಡನ್ನೂ ಗುಣಿಸಿದರೆ, 348 ಪಾಯಿಂಟ್. ಇನ್ನೂ 30 ಕ್ರೆಡಿಟ್ ತೆಗೆದುಕೊಂಡು ಎಲ್ಲದರಲ್ಲೂ ‘ಎ’, ಅಂದರೆ 4.0 ತಂದರೆ ಒಟ್ಟು 3.12. ಮತ್ತೆ 30 ಕ್ರೆಡಿಟ್ ಅದೇ ಮಟ್ಟದಲ್ಲಿ ಮಾಡಿದರೆ 3.27. ಎರಡು ವರ್ಷ ಒಂದೂ ‘ಬಿ’ ಇಲ್ಲದೆ ದುಡಿದರೂ 3.3 ಮುಟ್ಟಲಿಲ್ಲ. ಬಹಳ ಜನ ಕೈಚೆಲ್ಲುವುದು ಇಲ್ಲೇ.

ಆದರೆ ವಿಜ್ಞಾನದ ಸಾಲಿನ ಕಥೆ ಬೇರೆ. ಅದರಲ್ಲಿ ಮೊದಲಿಗೆ 50 ಕ್ರೆಡಿಟ್, 2.6 ಇತ್ತು ಅನ್ನೋಣ. ಹೊಸ 30 ಕ್ರೆಡಿಟ್ ಪೂರ್ತಿ ವಿಜ್ಞಾನವೇ ಆದರೆ ಅದು 3.1 ದಾಟುತ್ತದೆ. 60 ಆದರೆ 3.36. ಜೊತೆಗೆ ಪದವಿ ನಂತರದ ಸಾಲಿನಲ್ಲಿ 4.0 ಅಂತ ಬೇರೆಯಾಗಿಯೇ ಕಾಣುತ್ತದೆ. ಒಟ್ಟು ಜಿಪಿಎ ಆಮೆಯಂತೆ ತೆವಳಿದರೂ, ಓದುವವರ ಕಣ್ಣಿಗೆ ಬೀಳುವುದು ಆ ಸಾಲು.

ಇಲ್ಲಿ ಒಂದು ಹಳೆಯ ಸಲಹೆಯ ಬಗ್ಗೆ ಹೇಳಲೇಬೇಕು, ಯಾಕಂದರೆ ಅದು ಇನ್ನೂ ಬಾಯಿಂದ ಬಾಯಿಗೆ ಓಡಾಡುತ್ತಿದೆ. ‘ಸಿ ಬಂದ ಕೋರ್ಸನ್ನೇ ಮತ್ತೆ ತಗೋ, ಹಳೇದು ಅಳಿಸಿಹೋಗುತ್ತೆ.’ ಎಂ.ಡಿ. ಅರ್ಜಿಯಲ್ಲಿ ಹಾಗಿಲ್ಲ, ಎರಡೂ ಸಲದ ಅಂಕ ಲೆಕ್ಕಕ್ಕೆ ಬರುತ್ತದೆ. ಡಾಕ್ಟರ್ ಆಗುವ ಇನ್ನೊಂದು ಪದವಿಯಾದ ಡಿ.ಒ. (ಆಸ್ಟಿಯೋಪಥಿಕ್ ಮೆಡಿಸಿನ್) ಕಾಲೇಜುಗಳ ಅರ್ಜಿಯಲ್ಲಿ ಒಂದು ಕಾಲಕ್ಕೆ ಹೊಸದು ಹಳೆಯದರ ಜಾಗಕ್ಕೆ ಬರುತ್ತಿತ್ತು. 2017ರಲ್ಲಿ ಆ ಸೌಲಭ್ಯ ನಿಂತುಹೋಯಿತು. ಟೆಕ್ಸಾಸಿನ ನಿವಾಸಿಗಳಿಗೆ ಮಾತ್ರ ಹತ್ತು ವರ್ಷ ಹಳೆಯ ಅಂಕಗಳನ್ನು ಪೂರ್ತಿ ಬಿಟ್ಟು ಹೊಸದಾಗಿ ಶುರು ಮಾಡುವ ಒಂದು ಕಾನೂನು ಆ ರಾಜ್ಯದಲ್ಲಿದೆ. ಮೂವತ್ತು ದಾಟಿದ ಮೇಲೆ ಮತ್ತೆ ಡಾಕ್ಟರ್ ಆಗಬೇಕು ಅನ್ನಿಸಿದವರಿಗೆ ಅದು ದೊಡ್ಡ ಉಪಕಾರ. ಉಳಿದವರು ‘ಡಿ’ ಮತ್ತು ‘ಎಫ್’ ಬಂದ, ಮೆಡಿಕಲ್‌ಗೆ ಬೇಕೇಬೇಕಾದ ಕೋರ್ಸುಗಳನ್ನು ಮಾತ್ರ ಮತ್ತೆ ಮಾಡಿದರೆ ಸಾಕು. ‘ಸಿ’ ಬಂದ ಜನರಲ್ ಕೆಮಿಸ್ಟ್ರಿಗೆ ವಾಪಸ್ ಹೋಗುವ ಬದಲು ಬಯೋಕೆಮಿಸ್ಟ್ರಿ, ಫಿಸಿಯಾಲಜಿ, ಇಮ್ಯುನಾಲಜಿಯಂಥ ಮೇಲಿನ ಹಂತದ ವಿಷಯಗಳಲ್ಲಿ ‘ಎ’ ತರುವುದು ಜಾಸ್ತಿ ತೂಕದ್ದು ಅಂತ ನನ್ನ ಅಭಿಪ್ರಾಯ.

ಇನ್ನು ಎಂಕ್ಯಾಟ್. ಏಳೂವರೆ ಗಂಟೆಯ ದಿನ, ನಾಲ್ಕು ಭಾಗ, 472ರಿಂದ 528ರವರೆಗೆ ಅಂಕ. ಅಮೆರಿಕದ ಮೆಡಿಕಲ್ ಕಾಲೇಜುಗಳ ಸಂಘ, ಯಾವ ಜಿಪಿಎ ಮತ್ತು ಯಾವ ಎಂಕ್ಯಾಟ್ ಇದ್ದವರಲ್ಲಿ ಎಷ್ಟು ಮಂದಿಗೆ ಸೀಟು ಸಿಕ್ಕಿತು ಎಂಬ ಪಟ್ಟಿಯನ್ನು ಪ್ರತಿ ವರ್ಷ ಪ್ರಕಟಿಸುತ್ತದೆ. ಅದನ್ನು ಪ್ರತಿ ಮನೆಯಲ್ಲೂ ಕೂತು ನೋಡಬೇಕು. ಜಿಪಿಎ 3.8ರ ಆಚೆ ಇದ್ದವರಲ್ಲಿ ಮೂವರಲ್ಲಿ ಇಬ್ಬರ ಆಸುಪಾಸಿನಲ್ಲಿ ಸೀಟು ಸಿಗುತ್ತದೆ. 3.0ರಿಂದ 3.2ರೊಳಗೆ ಇದ್ದವರಲ್ಲಿ ಐವರಲ್ಲಿ ಒಬ್ಬರ ಆಸುಪಾಸು. ಇದೇ ಗುಂಪಿನವರು 517ಕ್ಕಿಂತ ಜಾಸ್ತಿ ತೆಗೆದರೆ ಅವಕಾಶ ಎರಡು ಪಟ್ಟು ದಾಟುತ್ತದೆ, ನಿಜ. ಆದರೂ ಹತ್ತಿರಹತ್ತಿರ ಅರ್ಧದಷ್ಟು ಮಂದಿ ಬರಿಗೈಲಿ ವಾಪಸ್ ಬರುತ್ತಾರೆ. 517 ಅಂದರೆ ಪರೀಕ್ಷೆ ಬರೆದವರಲ್ಲಿ ಮೇಲಿನ ನೂರಕ್ಕೆ ಆರು ಮಂದಿ. ಅಷ್ಟು ಬುದ್ಧಿವಂತರಿಗೂ ಹೀಗಾಗುತ್ತದೆ ಅಂದರೆ ಯೋಚಿಸಿ. ಎಂಕ್ಯಾಟ್ ಚೆನ್ನಾಗಿದ್ದು ಜಿಪಿಎ ಕೆಳಗಿದ್ದರೆ, ‘ಶಕ್ತಿ ಇದೆ, ದಿನವೂ ಕೂತು ಓದುವ ಅಭ್ಯಾಸ ಇಲ್ಲವಾ?’ ಎಂಬ ಅನುಮಾನ ಸಮಿತಿಗೆ ಬರಬಹುದು. ಆ ಅನುಮಾನವನ್ನು ಹೊಸ ಅಂಕಪಟ್ಟಿಯೇ ಕಳೆಯಬೇಕು.

ಪರೀಕ್ಷೆ ಎಷ್ಟು ಸಲ ಬೇಕಾದರೂ ಬರೆಯುತ್ತೇನೆ ಅನ್ನುವಂತೆಯೂ ಇಲ್ಲ. ವರ್ಷಕ್ಕೆ ಮೂರು, ಎರಡು ವರ್ಷ ಸೇರಿ ನಾಲ್ಕು, ಜೀವನ ಪೂರ್ತಿ ಏಳು. ಸುಮ್ನೆ ‘ಒಂದ್ ಸಲ ಬರೆದು ನೋಡ್ತೀನಿ’ ಅಂತ ಹೋಗುವ ಪರೀಕ್ಷೆ ಇದಲ್ಲ. ಬಂದ ಅಂಕ ಕಾಲೇಜುಗಳ ಕಣ್ಣಿಗೆ ಬಿದ್ದೇ ಬೀಳುತ್ತದೆ.

ಇಷ್ಟೆಲ್ಲ ಲೆಕ್ಕಕ್ಕೆ ಮೊದಲು ಒಂದು ಪ್ರಶ್ನೆ ಇದೆ. ಅದನ್ನು ಕೇಳುವುದಕ್ಕೆ ನಮ್ಮ ಮನೆಗಳು ಹಿಂಜರಿಯುತ್ತವೆ. ಅಂಕ ಯಾಕೆ ಬಿತ್ತು? ವಾರಕ್ಕೆ 25 ಗಂಟೆ ಅಂಗಡಿಯಲ್ಲಿ ಕೆಲಸ ಮಾಡಿ ಫೀಸು ಕಟ್ಟುತ್ತಿದ್ದವರ 2.9 ಒಂದು ರೀತಿಯದು. ಅಮ್ಮನಿಗೆ ಕಾಯಿಲೆಯಾಗಿ ಮನೆ ನೋಡಿಕೊಂಡವರದ್ದು ಇನ್ನೊಂದು. ಖಿನ್ನತೆ ಅಂತ ಗೊತ್ತಾಗದೆ ಎರಡು ವರ್ಷ ಹಾಸಿಗೆ ಬಿಟ್ಟು ಏಳಲಾಗದವರದ್ದು ಮತ್ತೊಂದು. ಹೈಸ್ಕೂಲಿನಲ್ಲಿ ಹಿಂದಿನ ರಾತ್ರಿ ಓದಿ ಪಾಸಾದವರು ಕಾಲೇಜಿನಲ್ಲೂ ಅದನ್ನೇ ಮಾಡಿ ಬಿದ್ದದ್ದೂ ಇದೆ. ಮೆಡಿಕಲ್ ಬೇಡವೇ ಬೇಡ ಅನ್ನಿಸಿದರೂ ಅಪ್ಪನಿಗೆ ಹೇಳಲಾಗದೆ ಕ್ಲಾಸು ತಪ್ಪಿಸಿದವರೂ ಇದ್ದಾರೆ. ಒಂದೊಂದಕ್ಕೂ ಮದ್ದು ಬೇರೆ. ಕೆಲಸದ ಹೊರೆ ಇದ್ದವರಿಗೆ ಬೇಕಿರುವುದು ಹಣದ ವ್ಯವಸ್ಥೆ. ಖಿನ್ನತೆಗೆ ಚಿಕಿತ್ಸೆ ಬೇಕು, ಅದಾದ ಮೇಲಷ್ಟೇ ಕೋರ್ಸು. ಕಾರಣ ಹಾಗೇ ಉಳಿದು, ಮೇಲೆ ಇನ್ನೊಂದು ದುಬಾರಿ ಕೋರ್ಸ್ ಸೇರಿದರೆ ಅಲ್ಲೂ ‘ಬಿ’ ‘ಸಿ’ ಬರುತ್ತದೆ. ಎರಡನೇ ಸಲ ಬಿದ್ದದ್ದನ್ನು ವಿವರಿಸುವುದು ಮೊದಲನೆಯದಕ್ಕಿಂತ ಎಷ್ಟೋ ಕಷ್ಟ.

ಅಂಕ ಸರಿಪಡಿಸಿಕೊಳ್ಳಲು ಮುಖ್ಯವಾಗಿ ಎರಡು ದಾರಿ ಇವೆ. ಒಂದು ಪೋಸ್ಟ್‌ಬ್ಯಾಕ್. ಪದವಿ ಮುಗಿದ ಮೇಲೂ ಪದವಿ ಮಟ್ಟದ ವಿಜ್ಞಾನದ ಕೋರ್ಸುಗಳನ್ನು ತೆಗೆದುಕೊಳ್ಳುವುದು. ಇದಕ್ಕೆ ಹೆಸರಾಂತ ಕಾರ್ಯಕ್ರಮವೇ ಬೇಕಿಲ್ಲ. ಊರಿನ ಹತ್ತಿರದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿಕೊಂಡೇ ಸೆಮಿಸ್ಟರಿಗೆ ಎರಡು ಮೂರು ಕೋರ್ಸ್ ಓದಬಹುದು. ಈ ಅಂಕ ಪದವಿಯ ಜಿಪಿಎಗೆ ಸೇರುತ್ತದೆ. ಇನ್ನೊಂದು, ಸ್ಪೆಷಲ್ ಮಾಸ್ಟರ್ಸ್. ಜಾರ್ಜ್‌ಟೌನ್, ಬಾಸ್ಟನ್ ವಿಶ್ವವಿದ್ಯಾಲಯಗಳದ್ದು ಹಳೆಯವು, ಬಹಳ ಜನರಿಗೆ ಗೊತ್ತಿರುವಂಥವು. ಮೆಡಿಕಲ್ ಮೊದಲ ವರ್ಷದ ಮಟ್ಟದ ಪಾಠಗಳನ್ನೇ ಓದಿಸುತ್ತಾರೆ. ಚೆನ್ನಾಗಿ ಮಾಡಿದರೆ ‘ಈ ವಿದ್ಯಾರ್ಥಿ ಮೆಡಿಕಲ್ ಓದಬಲ್ಲ’ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಆದರೆ ಅದರ ಅಂಕ ಮಾಸ್ಟರ್ಸ್ ಸಾಲಿಗೆ ಹೋಗುತ್ತದೆ, ಪದವಿಯ 2.9 ಹಾಗೇ ಇರುತ್ತದೆ. ಪದವಿಯ ಜಿಪಿಎ 3.0ಕ್ಕಿಂತ ಕೆಳಗಿದ್ದರೆ ಅರ್ಜಿಯನ್ನೇ ಓದದೆ ಪಕ್ಕಕ್ಕಿಡುವ ಕಾಲೇಜುಗಳಿವೆ. ಹಾಗಾಗಿ 3.0ರ ಕೆಳಗಿರುವವರು ಮೊದಲು ಪೋಸ್ಟ್‌ಬ್ಯಾಕ್‌ನಿಂದ ಆ ಗೆರೆ ದಾಟಬೇಕು. ಮಾಸ್ಟರ್ಸ್ ಕೊನೆಯ ಅಸ್ತ್ರ. ಅದರಲ್ಲಿ ಎಡವಿದರೆ ಆಮೇಲೆ ತೋರಿಸುವುದಕ್ಕೆ ಬೇರೆ ಏನೂ ಉಳಿಯುವುದಿಲ್ಲ.

ಈಗ ಇದಕ್ಕೆ ದುಡ್ಡಿನ ಹೊಸ ತೊಡಕು ಸೇರಿದೆ. 2025ರ ಜುಲೈ 4ರಂದು ಸಹಿಯಾದ ಕಾನೂನು ವಿದ್ಯಾರ್ಥಿ ಸಾಲದ ನಿಯಮಗಳನ್ನೇ ಬದಲಾಯಿಸಿತು. ಮೊದಲು ಗ್ರ್ಯಾಡ್ ಪ್ಲಸ್ ಎಂಬ ಕೇಂದ್ರ ಸರ್ಕಾರದ ಸಾಲದಲ್ಲಿ, ಕೋರ್ಸಿಗೆ ಎಷ್ಟು ಖರ್ಚಾಗುತ್ತದೋ ಅಷ್ಟೂ ಸಿಗುತ್ತಿತ್ತು. 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಅದು ಇಲ್ಲ. ಮೆಡಿಕಲ್ ಓದುವವರಿಗೆ ವರ್ಷಕ್ಕೆ 50 ಸಾವಿರ ಡಾಲರ್, ಒಟ್ಟು 2 ಲಕ್ಷ ಡಾಲರ್ ಮಿತಿ. ಸಾಮಾನ್ಯ ಮಾಸ್ಟರ್ಸ್ ಓದುವವರಿಗೆ ವರ್ಷಕ್ಕೆ 20,500 ಡಾಲರ್ ಅಷ್ಟೇ. ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲೇ ನಾಲ್ಕು ವರ್ಷದ ಒಟ್ಟು ಖರ್ಚು 2.8 ಲಕ್ಷ ಡಾಲರ್ ಆಸುಪಾಸು, ಖಾಸಗಿಯಲ್ಲಿ 3.9 ಲಕ್ಷದ ಹತ್ತಿರ.

ಈ ಬದಲಾವಣೆಯ ಪೆಟ್ಟು ಎಲ್ಲರಿಗೂ ಒಂದೇ ಸಮ ಬೀಳುವುದಿಲ್ಲ. 3.9 ಇರುವವರಿಗೆ ಸ್ಪೆಷಲ್ ಮಾಸ್ಟರ್ಸ್ ಬೇಕಿಲ್ಲ, ಸ್ಕಾಲರ್‌ಶಿಪ್ಪೂ ಸಿಗಬಹುದು. ಅಂಕ ಕಡಿಮೆ ಇದ್ದು ಅದನ್ನು ಸರಿಪಡಿಸಿಕೊಳ್ಳಬೇಕಾದವರಿಗೇ ಒಂದು ವರ್ಷ ಜಾಸ್ತಿ ಓದಿನ ಖರ್ಚು. ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಫೀಸು, ಬಾಡಿಗೆ, ಊಟ ಎಲ್ಲ ಸೇರಿದರೆ ಆ ಒಂದು ವರ್ಷಕ್ಕೆ 20,500 ಯಾವ ಮೂಲೆಗೂ ಸಾಲದು. ಉಳಿದದ್ದಕ್ಕೆ ಖಾಸಗಿ ಸಾಲ, ಅದಕ್ಕೆ ಅಪ್ಪ ಅಮ್ಮನ ಜಾಮೀನು. ಮನೆ ಮೇಲೆ ಸಾಲ ತೆಗೆಯುವ ಶಕ್ತಿ ಇರುವ ಕುಟುಂಬದ ಮಕ್ಕಳಿಗೆ ಎರಡನೇ ಅವಕಾಶ ಸಿಗುತ್ತದೆ. ಅಂಗಡಿಯಲ್ಲಿ ಕೆಲಸ ಮಾಡಿ ಅಂಕ ಕಳೆದುಕೊಂಡವರಿಗೆ ಅದು ದೂರವಾಗುತ್ತದೆ. ಇದು ಅನ್ಯಾಯ. ಅದಕ್ಕೇ ಕಡಿಮೆ ಖರ್ಚಿನ, ಕೆಲಸದ ಜೊತೆಗೇ ಮಾಡಬಹುದಾದ ಪೋಸ್ಟ್‌ಬ್ಯಾಕ್ ದಾರಿಯನ್ನೇ ಮೊದಲು ನೋಡಿ ಅಂತ ನಾನು ಒತ್ತಿ ಹೇಳುವುದು.

ಅಪ್ಪ ಅಮ್ಮನ ಕೆಲಸದ ವೀಸಾಕ್ಕೆ ಅವಲಂಬಿತರಾಗಿ ಎಚ್-4 ವೀಸಾದಲ್ಲಿರುವ ಮಕ್ಕಳ ಪಾಡು ಇನ್ನೂ ಕಷ್ಟದ್ದು. ಗ್ರೀನ್ ಕಾರ್ಡ್ ಇಲ್ಲದಿದ್ದರೆ ಕೇಂದ್ರದ ಸಾಲ ಇಲ್ಲವೇ ಇಲ್ಲ. ಬಹಳಷ್ಟು ಎಂ.ಡಿ. ಕಾಲೇಜುಗಳು ಅಂಥವರ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. 21 ತುಂಬಿದ ಮೇಲೆ ಎಚ್-4 ಕೂಡ ಉಳಿಯುವುದಿಲ್ಲ. ಹತ್ತು ಹದಿನೈದು ವರ್ಷ ಅಲ್ಲೇ ಬೆಳೆದ ಮಗು ವಿದೇಶಿ ವಿದ್ಯಾರ್ಥಿಯ ಸಾಲಿಗೆ ಹೋಗುತ್ತದೆ. ಇವರು ಯಾವ ಕೋರ್ಸಿಗೂ ದುಡ್ಡು ಕಟ್ಟುವ ಮೊದಲು, ತಮ್ಮ ವೀಸಾ ಇದ್ದವರನ್ನು ತೆಗೆದುಕೊಳ್ಳುವ ಕಾಲೇಜುಗಳು ಯಾವುವು ಅಂತ ಪಟ್ಟಿ ಮಾಡಿಕೊಳ್ಳಬೇಕು.

ಡಿ.ಒ. ಹೆಸರು ಕೇಳಿದರೆ ನಮ್ಮವರಲ್ಲಿ ಹಲವರು ಮೂಗು ಮುರಿಯುತ್ತಾರೆ. ‘ಅದು ಪೂರ್ತಿ ಡಾಕ್ಟರ್ ಡಿಗ್ರಿನಾ?’ ಹೌದು. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಶುರುವಾದ ಪರಂಪರೆ ಅದು. ಐವತ್ತೂ ರಾಜ್ಯಗಳಲ್ಲಿ ಎಂ.ಡಿ.ಯವರಷ್ಟೇ ಹಕ್ಕಿನಿಂದ ಔಷಧಿ ಬರೆಯುತ್ತಾರೆ, ಆಪರೇಷನ್ ಮಾಡುತ್ತಾರೆ. ಈಗ ಅಮೆರಿಕದ ಮೆಡಿಕಲ್ ವಿದ್ಯಾರ್ಥಿಗಳಲ್ಲಿ ನಾಲ್ವರಲ್ಲಿ ಒಬ್ಬರು ಡಿ.ಒ. ಓದುವವರು. ಮೆಡಿಕಲ್ ಮುಗಿದ ಮೇಲೆ ಆಸ್ಪತ್ರೆಯಲ್ಲಿ ಮಾಡಬೇಕಾದ ರೆಸಿಡೆನ್ಸಿ ತರಬೇತಿಯ ಮಾನ್ಯತೆ 2020ರಿಂದ ಇಬ್ಬರಿಗೂ ಒಂದೇ. 2024ರಲ್ಲಿ ರೆಸಿಡೆನ್ಸಿ ಸಿಕ್ಕಿದ್ದು ಎಂ.ಡಿ. ಕೊನೆಯ ವರ್ಷದವರಲ್ಲಿ ನೂರಕ್ಕೆ 93.5, ಡಿ.ಒ.ಗಳಲ್ಲಿ 92.3. ನ್ಯೂರೋಸರ್ಜರಿ, ಚರ್ಮರೋಗದಂಥ ಕೆಲವು ವಿಭಾಗಗಳು ಡಿ.ಒ.ಗಳಿಗೆ ಇನ್ನೂ ಬಿಗಿ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಡಿ.ಒ. ಕಾಲೇಜು ಸೇರುವವರ ಸರಾಸರಿ ಜಿಪಿಎ 3.6ರ ಆಸುಪಾಸು. ಏರುಮುಖದ ಅಂಕಪಟ್ಟಿ ಇರುವವರು ಇದನ್ನು ಬಿಟ್ಟು ಅರ್ಜಿ ಹಾಕುವುದು ತಮಗೆ ತಾವೇ ಬಾಗಿಲು ಹಾಕಿಕೊಂಡಂತೆ.

ಕೆರಿಬಿಯನ್ ದ್ವೀಪಗಳ ಕಾಲೇಜುಗಳ ಬಗ್ಗೆ ಮಾತ್ರ ಎಚ್ಚರ ಬೇಕು. ಗ್ರೆನಡಾ, ಬಾರ್ಬಡೋಸ್, ಆ್ಯಂಟಿಗಾದಲ್ಲಿ ದೊಡ್ಡ ಕಾಲೇಜುಗಳಿವೆ. ಆ್ಯಂಟಿಗಾದ್ದನ್ನು ನಮ್ಮ ಮಣಿಪಾಲದ ಸಮೂಹವೇ 2008ರಲ್ಲಿ ಕೊಂಡುಕೊಂಡಿತು. ಅಲ್ಲಿ ಸೀಟು ಬೇಗ ಸಿಗುತ್ತದೆ, ಅಲ್ಲಿಂದ ಬಂದ ಒಳ್ಳೆಯ ಡಾಕ್ಟರುಗಳೂ ಅಮೆರಿಕದ ತುಂಬ ಇದ್ದಾರೆ. ಆದರೆ ವಿದೇಶದಲ್ಲಿ ಮೆಡಿಕಲ್ ಓದಿದ ಅಮೆರಿಕದ ಪ್ರಜೆಗಳಲ್ಲಿ 2024ರಲ್ಲಿ ರೆಸಿಡೆನ್ಸಿ ಸಿಕ್ಕಿದ್ದು ನೂರಕ್ಕೆ 67 ಮಂದಿಗೆ. ಈ ಲೆಕ್ಕದಲ್ಲಿ ಬರುವುದು ಕೊನೆಯವರೆಗೆ ಬಂದವರು ಮಾತ್ರ. ನಡುವೆಯೇ ಬಿಟ್ಟವರು, ಫೇಲಾಗಿ ಹೊರಬಿದ್ದವರು ಇದರಲ್ಲಿ ಇಲ್ಲ. ಸಾಲ ಮಾತ್ರ ಅವರ ಹೆಸರಲ್ಲೇ ಉಳಿದಿರುತ್ತದೆ. ಓದುವ ಅಭ್ಯಾಸ ಸರಿಯಾಗದೆ, ಬೇಗ ಸೀಟು ಸಿಗುತ್ತದೆ ಅಂತ ಅಲ್ಲಿಗೆ ಹೋಗುವವರ ಬಗ್ಗೆ ನನಗೆ ನಿಜವಾಗಿಯೂ ಭಯವಾಗುತ್ತದೆ. ಎರಡು ಮೂರು ಸಲ ಎಂ.ಡಿ., ಡಿ.ಒ. ಎರಡಕ್ಕೂ ಚೆನ್ನಾಗಿ ತಯಾರಾಗಿ ಹಾಕಿಯೂ ಸಿಗದಿದ್ದರೆ ಆಗ ಯೋಚಿಸಬಹುದು.

ಅರ್ಜಿಯ ಬರಹದಲ್ಲಿ ಅಂಕದ ವಿಷಯ ಹೇಗೆ ಹೇಳಬೇಕು ಎಂಬುದು ಎಲ್ಲರನ್ನೂ ಕಾಡುತ್ತದೆ. ಸ್ವಂತ ಹೇಳಿಕೆಗೆ ಆಮ್‌ಕ್ಯಾಸ್ ಕೊಡುವುದು 5,300 ಅಕ್ಷರಗಳ ಜಾಗ. ಅದರಲ್ಲಿ ಮುಕ್ಕಾಲು ಪಾಲು ‘ನನಗೆ ಯಾಕೆ ಕಡಿಮೆ ಬಂತು’ ಅಂತ ತುಂಬಿಸುವವರಿದ್ದಾರೆ. ಪ್ರೊಫೆಸರ್ ಸರಿಯಿರಲಿಲ್ಲ, ಪೇಪರ್ ಕಷ್ಟ ಇತ್ತು, ನಮ್ಮ ಕಾಲೇಜಿನಲ್ಲಿ ಅಂಕ ಬಿಗಿ. ಓದುವವರಿಗೆ ಇದರಿಂದ ಒಂದೂ ಹೊಸದು ತಿಳಿಯುವುದಿಲ್ಲ. ಇದನ್ನು ಹೀಗೆ ಬರೆದರೆ ನೋಡಿ: ‘ಮೊದಲೆರಡು ವರ್ಷ ವಾರಕ್ಕೆ 25 ಗಂಟೆ ಕೆಲಸ ಮಾಡುತ್ತ ಪೂರ್ತಿ ಕೋರ್ಸು ತೆಗೆದುಕೊಂಡೆ. ಸಹಾಯ ಕೇಳಲು ನಾಚಿಕೆಯಾಯಿತು. ಮೂರನೇ ವರ್ಷ ಕೆಲಸ ಕಡಿಮೆ ಮಾಡಿದೆ, ಟ್ಯೂಟರ್ ಹತ್ತಿರ ಹೋಗತೊಡಗಿದೆ. ಅಲ್ಲಿಂದೀಚೆಗಿನ ಅಂಕಗಳು ನಿಮ್ಮ ಮುಂದಿವೆ.’ ಅಷ್ಟು ಸಾಕು. ಉಳಿದ ಜಾಗ ರೋಗಿಗಳ ಹತ್ತಿರ ನೀವು ಏನು ಮಾಡಿದಿರಿ, ಏನು ಕಂಡಿರಿ ಅನ್ನುವುದಕ್ಕೆ. ಪರಿಚಯದ ಡಾಕ್ಟರ್ ಅಂಕಲ್ ಹಿಂದೆ ನಾಲ್ಕು ದಿನ ನಿಂತು ನೋಡಿದ್ದಕ್ಕಿಂತ, ಆಂಬುಲೆನ್ಸಿನಲ್ಲೋ ವೃದ್ಧಾಶ್ರಮದಲ್ಲೋ ಒಂದು ವರ್ಷ ಮಾಡಿದ ಕೆಲಸ ಎಷ್ಟೋ ಮೇಲು.

ಕೊನೆಯದು ಸಮಯ. ಅರ್ಜಿ ಮೇ ತಿಂಗಳಲ್ಲಿ ತೆರೆಯುತ್ತದೆ, ಮೇ ಕೊನೆಯಿಂದ ಸಲ್ಲಿಸಬಹುದು. ಜುಲೈ, ಆಗಸ್ಟ್‌ನಲ್ಲಿ ಒಂದೊಂದು ಕಾಲೇಜೂ ತನ್ನದೇ ಪ್ರಶ್ನೆಗಳನ್ನು ಕಳಿಸುತ್ತದೆ. ತರಗತಿ ಶುರುವಾಗುವುದು ಮುಂದಿನ ವರ್ಷದ ಬೇಸಿಗೆಯಲ್ಲಿ. ಬಹಳ ಕಾಲೇಜುಗಳು ಸೀಟುಗಳನ್ನು ಬಂದ ಹಾಗೆ ಹಂಚುತ್ತ ಹೋಗುವುದರಿಂದ, ಅಂಕ ಕಡಿಮೆ ಇರುವವರು ಅಕ್ಟೋಬರ್‌ನಲ್ಲಿ ಹಾಕುವುದು ದುಡ್ಡು ದಂಡ. ಮೊದಲ ಕಾಲೇಜಿಗೆ 175 ಡಾಲರ್, ಆಮೇಲೆ ಒಂದೊಂದಕ್ಕೂ 45 ಡಾಲರಿಗಿಂತ ಜಾಸ್ತಿ. ಅದರ ಮೇಲೆ, ಕಾಲೇಜುಗಳು ಕಳಿಸುವ ಪ್ರಶ್ನೆಗಳ ಎರಡನೇ ಹಂತಕ್ಕೆ ಫೀಸು ಬೇರೆ. ಇಪ್ಪತ್ತೈದು ಕಾಲೇಜಿಗೆ ಹಾಕಿದರೆ ಸಾವಿರಾರು ಡಾಲರ್ ಆಯಿತು ಅಲ್ವಾ? ‘ಹಾಕಿ ನೋಡೋಣ, ಹೋದರೆ ಫೀಸು ತಾನೇ’ ಅನ್ನುವ ಮಾತು ಕೇಳಿದ್ದೇನೆ. ಹೋಗುವುದು ಫೀಸು ಮಾತ್ರ ಅಲ್ಲ. ಮುಂದಿನ ಸಲ ಅದೇ ಕಾಲೇಜು ‘ಹೋದ ಸಲಕ್ಕೂ ಈ ಸಲಕ್ಕೂ ಏನು ಬದಲಾಗಿದೆ?’ ಅಂತ ಕೇಳುತ್ತದೆ. ಒಂದೇ ವರ್ಷದಲ್ಲಿ ಮತ್ತೆ ಹಾಕುವವರ ಹತ್ತಿರ ಅದಕ್ಕೆ ಉತ್ತರ ಇರುವುದು ಅಪರೂಪ.

‘ವರ್ಷ ವೇಸ್ಟ್ ಆಗುತ್ತೆ’ ಅನ್ನುವ ಹೆದರಿಕೆಯೂ ಊರಿನಿಂದ ಜೊತೆಗೆ ಬಂದದ್ದೇ. ಕರ್ನಾಟಕದಲ್ಲಿ 18ಕ್ಕೆ ಎಂಬಿಬಿಎಸ್ ಸೇರುತ್ತಾರೆ. ಅಮೆರಿಕದಲ್ಲಿ ಮೆಡಿಕಲ್ ಸೇರುವವರಲ್ಲಿ ಹತ್ತರಲ್ಲಿ ಏಳು ಮಂದಿ ಪದವಿ ಆದ ಮೇಲೆ ಒಂದಾದರೂ ವರ್ಷ ಬಿಟ್ಟು ಸೇರಿದವರು. ಸೇರುವ ಹೊತ್ತಿಗೆ ಸರಾಸರಿ ವಯಸ್ಸು 24ರ ಆಸುಪಾಸು. ಹಾಗಾಗಿ 2.9 ಇರುವ ಮಗಳಿಗೆ ‘ಈ ವರ್ಷವೇ ಹಾಕು’ ಅಂತ ಒತ್ತಾಯ ಮಾಡಬೇಡಿ. ಪೋಸ್ಟ್‌ಬ್ಯಾಕ್‌ನ ಎರಡು ಸೆಮಿಸ್ಟರಿನ ಅಂಕ ಕೈಗೆ ಬರಲಿ, ಎಂಕ್ಯಾಟ್‌ನ ಅಭ್ಯಾಸ ಪರೀಕ್ಷೆಗಳಲ್ಲಿ ಅವಳು ಅಂದುಕೊಂಡ ಅಂಕ ಮತ್ತೆ ಮತ್ತೆ ಬರುತ್ತಿದೆಯಾ ಅಂತ ನೋಡಿ. ಎರಡೂ ಸರಿಯಿದ್ದರೆ ಬರುವ ಜೂನ್ ಮೊದಲ ವಾರವೇ ಎಂ.ಡಿ., ಡಿ.ಒ. ಎರಡಕ್ಕೂ ಅರ್ಜಿ ಹಾಕಲಿ. ಒಂದು ಸರಿಯಿಲ್ಲದಿದ್ದರೂ ಅದರ ಮುಂದಿನ ಜೂನ್‌ಗೆ ಬಿಡಿ.